ಮನೆಯ ಚಕ್ರಕ್ಕೆ ನಿಂಬೆಹಣ್ಣು

ಸುಳ್ಳು ಹೇಳದೆಯೇ ನಿಜ ಮುಚ್ಚಿಡುವ ವಿದ್ಯೆಯಲ್ಲಿ ನಾನು ಪಳಗಿದವನು. ಕನ್ನಡ ಕೂಟದಲ್ಲಿ ಯಾರಾದರೂ ಮನೆ ಎಲ್ಲಿ ಎಂದರೆ, ಮೌಂಟನ್ ವ್ಯೂನಲ್ಲಿ, ಸ್ವಂತದ್ದು ಎಂದು ಹೇಳಿ ಬಿಸಿಬೇಳೆಬಾತಿನ ಸಾಲಿಗೆ ಸರಿದುಬಿಡುತ್ತಿದ್ದೆ. ಅದು ಮೊಬೈಲ್ ಹೋಮು, ಮನೆಯಷ್ಟೇ ನಮ್ಮದು, ಕೆಳಗಿನ ನೆಲ ಬಾಡಿಗೆಯದು ಎಂಬುದನ್ನು ಅವರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಹೆಸರಿಗೆ ಮಾತ್ರ ಮೊಬೈಲು. ಯಾವುದೋ ಕಾಲದಲ್ಲಿ ಲಾರಿ ಎಳೆದು ತಂದು ನಿಲ್ಲಿಸಿದ್ದು, ಈಗ ಅಲುಗಿಸಿದರೆ ಕಳಚಿ ಬೀಳುತ್ತದೆ.

ಕಳೆದ ವರ್ಷ ಇಂಥ ಮನೆಗಳೇ ಸಾಲಾಗಿ ನಿಂತಿರುವ ನಮ್ಮ ಪಾರ್ಕಿನ ಜಾಗ ಮಾರಿ ಅಪಾರ್ಟ್‌ಮೆಂಟು ಕಟ್ಟುತ್ತಾರಂತೆ ಎಂಬ ಸುದ್ದಿ ಬಂತು. ಎಲ್ಲಿಗೆ ಹೋಗುವುದು? ದೂರದ ಗಿಲ್‌ರಾಯ್‌ನಲ್ಲಿ ಅಲ್ಲಿ ಬೆಳೆಯುವ ಬೆಳ್ಳುಳ್ಳಿಯಂತೆ ಮನೆಯೂ ಅಗ್ಗ, ನಿಜ. ಆದರೆ ನಾನು ಇಲ್ಲಿನ ಹೈಸ್ಕೂಲಿನಲ್ಲಿ ಲ್ಯಾಬು ನೋಡಿಕೊಳ್ಳುವವನು, ಅಲ್ಲಿಂದ ಓಡಾಡಿದರೆ ಅರ್ಧ ಆಯಸ್ಸು ಫ್ರೀವೇ ಪಾಲಾಗುತ್ತದೆ. ಪಕ್ಕದ ಮನೆಯ ಮಾರ್ಥಾ ಅಜ್ಜಿಗಂತೂ ಗಿಲ್‌ರಾಯೂ ಎಟುಕದು. ನಾವು ಡೇಕೇರಿಗೆ ಪರದಾಡುತ್ತಿದ್ದಾಗ ನಮ್ಮ ಮಗಳನ್ನು ಎತ್ತಿ ಆಡಿಸಿ ಬೆಳೆಸಿದ ಪುಣ್ಯಾತಗಿತ್ತಿ ಆಕೆ. ಈ ಜಾಗವನ್ನು ಮೊಬೈಲ್ ಹೋಮುಗಳಿಗೇ ಮೀಸಲಿಡಿ ಎಂದು ನಗರಸಭೆಗೆ ಬರೆದ ಅರ್ಜಿ ಹಿಡಿದು ಆಕೆ ಮನೆಮನೆ ಅಲೆದರು. ನಾನು ಸಹಿ ಹಾಕಿದೆ. ಸಭೆಯಲ್ಲಿ ಮಾತಾಡಬೇಕು ಎಂದಾಗ ಮಾತ್ರ ಗಂಟಲು ಕೆಟ್ಟಿದೆ ಎಂದೆ. ಸಭೆಯನ್ನು ಯಾರು ಬೇಕಾದರೂ ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ನೋಡಬಹುದಂತೆ; ಕೂಟದವರು ನೋಡಿಬಿಟ್ಟರೆ?

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರಿಗೆ ಕುಂಕುಮ ಹಚ್ಚುವಾಗ ನನಗೊಂದು ಯೋಚನೆ ಹೊಳೆಯಿತು. ಕಾರಿನ ಹಾಗೆಯೇ ಈ ಮನೆಗೂ ವರ್ಷಾವರ್ಷ ರಿಜಿಸ್ಟ್ರೇಷನ್ನು ಉಂಟು, ಕೆಳಗೆ ಚಕ್ರವೂ ಉಂಟು. ಪೂಜೆ ತಪ್ಪಿಸುವುದು ಯಾವ ನ್ಯಾಯ? ಬುಡದ ತಗಡು ಬಿಚ್ಚಿ, ಹೊಟ್ಟೆಯ ಮೇಲೆ ತೆವಳಿ, ತುಕ್ಕು ಹಿಡಿದ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟು ಬಂದೆ. ತಲೆತುಂಬ ಜೇಡರಬಲೆ ಹೊತ್ತು ನಿಂತ ನನ್ನನ್ನು ಕಂಡು ಹೆಂಡತಿ ಸುಮಾ ಆರತಿ ತಟ್ಟೆ ಕೆಳಗಿಟ್ಟಳು.

"ರೀ, ನಿಂಬೆಹಣ್ಣು ಇಡೋದು ಗಾಡಿ ಸುಖವಾಗಿ ಹೊರಡ್ಲಿ ಅಂತ. ಮನೆನೇ ಹೊರಟ್ರೆ ನಾವೆಲ್ಲಿರೋದು?"

ನನ್ನ ಮುಖ ಸಣ್ಣಗಾಯಿತು. ತೆಗೆಯಲು ಬಗ್ಗಿದರೆ ಸೊಂಟ ಒಪ್ಪಲಿಲ್ಲ.

"ಇರ್ಲಿ ಬಿಡಿ. ಆ ಹಣ್ಣು ಅಪ್ಪಚ್ಚಿ ಆಗದ ಹಾಗೆ ನೋಡ್ಕೊಳಮ್ಮಾ ಅಂತ ನಾನು ಚಾಮುಂಡಿಗೆ ಹೇಳ್ತೀನಿ. ನೀವು ಹೋಗಿ ಆ ಸಭೇಲಿ ಮಾತಾಡಿ."

ಹೋದೆ. ನಾನು ಮೊಬೈಲ್ ಹೋಮಿನಲ್ಲಿರುವವನು ಎಂದು ಮೈಕಿನ ಮುಂದೆ ಮೊದಲ ಮಾತಿನಲ್ಲೇ ಒಪ್ಪಿಕೊಂಡೆ. ಮಾರ್ಥಾ ಅಜ್ಜಿಯ ಮಡಿಲಲ್ಲಿ ಮಗಳು ಬೆಳೆದದ್ದನ್ನು ಹೇಳುವಾಗ ಗಂಟಲು ನಿಜಕ್ಕೂ ಕೆಟ್ಟಿತು. ಕೊನೆಗೆ ಜಾಗ ಮೊಬೈಲ್ ಹೋಮುಗಳಿಗೇ ಮೀಸಲಾಯಿತು. ಕೂಟದವರು ನೋಡಿಯೇ ಇದ್ದರು. ಮುಂದಿನ ಊಟದ ದಿನ ಇಬ್ಬರು ನನ್ನನ್ನು ಮೂಲೆಗೆ ಕರೆದರು. ನಿಮ್ಮ ಪಾರ್ಕಿನಲ್ಲಿ ಯಾವುದಾದರೂ ಮನೆ ಮಾರಾಟಕ್ಕಿದೆಯೇ ಎಂದು ಬೇರೆ ಬೇರೆಯಾಗಿ, ಗುಟ್ಟಾಗಿ ಕೇಳಿದರು.

ಈ ವರ್ಷದ ಆಯುಧಪೂಜೆಗೆ ಮತ್ತೆ ಮನೆಯ ಕೆಳಗೆ ತೆವಳಿದೆ. ಹಳೆಯ ನಿಂಬೆಹಣ್ಣು ಒಣಗಿ ಗೋಲಿಯಷ್ಟಾಗಿತ್ತು, ಅಪ್ಪಚ್ಚಿಯಾಗಿರಲಿಲ್ಲ. ಮಲಗಿದಲ್ಲೇ ಕೈಮುಗಿದೆ, ಕಣ್ಣು ಒದ್ದೆಯಾಯಿತು. ಹೊರಳಲು ಹೋದಾಗ ಸೊಂಟ ಹಿಡಿದುಕೊಂಡಿತು. ನನ್ನ ಕೂಗು ಕೇಳಿ ಓಡಿಬಂದು, ಎರಡೂ ಕಾಲು ಹಿಡಿದು ಎಳೆದವರು ಮಾರ್ಥಾ ಅಜ್ಜಿ. ಅಷ್ಟು ಕಷ್ಟಪಟ್ಟು ನನ್ನನ್ನು ಈ ಮನೆಯಲ್ಲಿ ಉಳಿಸಿದವರೇ ಹೊರಗೂ ಎಳೆಯಬೇಕಾಯಿತು.