ಎಪ್ಪತ್ತೈದು ಫೆನಿಗ್‌ನ ಗೋಟ್‌ಹೋಲ್ಡ್

ಯುದ್ಧ ಮುಗಿದು ಮೂರು ವರ್ಷವಾದರೂ ಫೆನಿಗ್ ನಾಣ್ಯದ ಚಿಲ್ಲರೆ ಮಾತ್ರ ಊರಿಗೆ ಮರಳಿರಲಿಲ್ಲ. ಹಾಗಾಗಿ ನಮ್ಮ ಹೋಲನ್‌ರೋಡೆ ಪುರಸಭೆಯೇ ಕಾಗದದ ನೋಟು ಅಚ್ಚುಹಾಕಿಸಿತು. ಎಪ್ಪತ್ತೈದು ಫೆನಿಗ್‌ನ ನೋಟಿನ ಮೇಲೆ ಊರಿನ ಹಳೇ ಕತೆ: ಪ್ಲೇಗಿನ ವರ್ಷ ಸಾವೇ ಬಂದು ಚರ್ಚಿನ ಗಂಟೆಯವನ ಎಡಭುಜ ಮುಟ್ಟಿ ಕರೆದೊಯ್ದದ್ದು. ಚಿತ್ರಗಾರ ಮಹಾ ಸೋಮಾರಿ. ಈಗಿನ ಗಂಟೆಯವನಾದ ಗೋಟ್‌ಹೋಲ್ಡ್‌ನ ಮುಖವನ್ನೇ, ಮೂಗಿನ ನರಹುಲಿ ಸಮೇತ, ಬರೆದುಬಿಟ್ಟ. ಕೆಳಗೆ ಎಲ್ಲ ನೋಟಿಗೂ ಹಾಕುವ ಗಡುವಿನ ಸಾಲು: '೧೯೨೧ರ ಡಿಸೆಂಬರ್ ೩೧ರವರೆಗೆ ಮಾತ್ರ.'

ನವೆಂಬರಿನ ಮಂಜಿನಲ್ಲಿ ಆ ನೋಟು ಹೊರಬಿದ್ದ ದಿನವೇ ಗೋಟ್‌ಹೋಲ್ಡ್ ಬೇಕರಿಯ ವಿಧವೆ ಆಲ್ವೀನಳನ್ನು ಮದುವೆಗೆ ಕೇಳಲು ಹೊರಟ. ಪಾಪ, ಐದು ವರ್ಷ ಮನಸ್ಸಿನಲ್ಲೇ ಮಂಡಿಗೆ ತಿಂದವನು.

ದಾರಿಯಲ್ಲಿ ಬಡಗಿ ಲೂಡೆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದ.

"ನೆಟ್ಟಗೆ ನಿಲ್ಲಯ್ಯ. ಓಕ್ ಮರದ್ದು ಮಾಡ್ಲಾ, ಪೈನ್ ಸಾಕಾ?"

"ಏನನ್ನ?"

"ಹೆಣದ ಪೆಟ್ಟಿಗೆ! ಡಿಸೆಂಬರ್ ಕೊನೇಲಿ ನಂಗೆ ಕೆಲ್ಸ ಜಾಸ್ತಿ, ಈಗ್ಲೇ ಹೇಳ್ಬಿಡು."

ಬೇಕರಿಯಲ್ಲಿ ಆಲ್ವೀನ ನೋಟನ್ನು ನೋಡಿದಳು, ಅವನನ್ನು ನೋಡಿದಳು.

"ಮನಸ್ಸಿದೆ ಕಣ್ರೀ. ಆದ್ರೆ ಒಂದ್ಸಲ ವಿಧವೆ ಆಗಿದ್ದೇ ಸಾಕು. ಜನವರಿ ಒಂದಕ್ಕೆ ಉಸಿರಾಡ್ತಿದ್ರೆ ಬನ್ನಿ."

"ಅದು ನೋಟಿನ ತಾರೀಖು ಮಾರಾಯ್ತಿ!"

"ಪುರಸಭೆ ಮುದ್ರೆ ಬಿದ್ದಿದೆಯಲ್ರೀ. ಮುದ್ರೆ ಸುಳ್ಳಾಗುತ್ತಾ?"

ನಮ್ಮವರು ದೇವರನ್ನಾದರೂ ಅನುಮಾನಿಸಿಯಾರು, ಮುದ್ರೆಯನ್ನಲ್ಲ. ಬೀದಿಯಲ್ಲಿ ಕಂಡವರೆಲ್ಲ ಟೋಪಿ ತೆಗೆದು ದಾರಿ ಬಿಟ್ಟರು. ಎಲ್ಲರ ಕೈಯಲ್ಲೂ ಅವನದೇ ಮುಖ. ಗೋಟ್‌ಹೋಲ್ಡ್‌ನ ಎಡಭುಜ ಏಕೋ ತಣ್ಣಗಾಗತೊಡಗಿತು.

ಓಡಿಹೋಗಿ ಮೇಯರ್ ಕಾಲಿಗೆ ಬಿದ್ದ. "ಆ ನೋಟು ವಾಪಸ್ ತಗೊಳ್ಳಿ ಸ್ವಾಮೀ!"

"ಅದಕ್ಕೇನಂತೆ," ಎಂದ ಮೇಯರ್ ಆಗಲೇ ಒಂದು ಪ್ರಕಟಣೆ ಬರೆಸಿ ಮುದ್ರೆ ಒತ್ತಿದ.

ಗೋಟ್‌ಹೋಲ್ಡ್ ಹಗುರಾಗಿ ಮನೆಗೆ ಬಂದು, ಆಲೂಗಡ್ಡೆ ಬೇಯಿಸಿ ತಿಂದು, ಒಳ್ಳೆಯ ಕೋಟು ತೊಟ್ಟ. ಸಂಜೆ ಆರರ ಗಂಟೆ ಬಾರಿಸಿ ನೇರ ಬೇಕರಿಗೆ ಹೋಗುವುದೆಂದು ಗೋಪುರದ ಬೀಗದಕೈ ಜೇಬಿಗಿಳಿಸಿದ. ಗೋಪುರಕ್ಕೆ ಇದ್ದದ್ದು ಅದೊಂದೇ ಬೀಗದಕೈ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಮಂಜಿನಲ್ಲಿ ಮೇಣದಬತ್ತಿ ಹಿಡಿದು ಅರ್ಧ ಊರೇ ನಿಂತಿತ್ತು. ಮುಂದೆ ಕಪ್ಪು ಬಟ್ಟೆಯುಟ್ಟ ಆಲ್ವೀನ.

"ನಾನು ಒಪ್ಪಿದ್ದೀನಿ ಕಣ್ರೀ," ಎಂದು ಬಿಕ್ಕಿದಳು. "ಇನ್ನೊಂದೆರಡು ನಿಮಿಷ ತಾನೆ, ಇಲ್ಲ ಅಂದು ಯಾಕೆ ನೋಯಿಸ್ಲಿ?"

ಅವಳು ಚಾಚಿದ ಪ್ರಕಟಣೆ ಓದಿದ: 'ಗೋಟ್‌ಹೋಲ್ಡ್ ಚಿತ್ರದ ಎಪ್ಪತ್ತೈದು ಫೆನಿಗ್ ಇಂದು ಸಂಜೆ ಆರಕ್ಕೆ ರದ್ದು.' ಕೆಳಗೆ ಮುದ್ರೆ.

"ಇವತ್ತಿಗೇ ಅಂದ್ರೆ ಪೈನೇ ಗತಿ," ಎಂದ ಲೂಡೆಕೆ ಹಿಂದಿನಿಂದ.

"ನಿಮಗೆಲ್ಲ ತಲೆ ಕೆಟ್ಟಿದೆ!" ಗೋಟ್‌ಹೋಲ್ಡ್ ನಕ್ಕ. "ನಾನು ಬಾರಿಸದೆ ಈ ಊರಲ್ಲಿ ಆರು ಗಂಟೆ ಆಗೋದು ಹೇಗ್ರೋ?"

ಬೀಗದಕೈಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಅದೇ ಕ್ಷಣ, ಬೀಗ ಹಾಕಿದ್ದ ಗೋಪುರದಿಂದ ಗಂಟೆ ಮೊಳಗತೊಡಗಿತು.