ಲಾವಣಿಗೆ ಹಾಕಿದ ಗಡಿಯಾರಗಳು

ಬೈಲಹೊಂಗಲದಲ್ಲಿ ಹೊಲ ಇದ್ದವರಿಗೇನು ಕಡಿಮೆಯಿಲ್ಲ. ಆದರೆ ಹೊಲವನ್ನು ಮುಂಗೈಗೆ ಕಟ್ಟಿಕೊಂಡು ಪೇಟೆಗೆ ಹೋಗಿಬರುತ್ತಿದ್ದವರು ನಮ್ಮ ಕಾಕಾ ಒಬ್ಬರೇ! ಸುಳ್ಳೆನಿಸಿದರೆ ಅವರನ್ನೇ ಕೇಳಬೇಕಿತ್ತು. ಅಂಗಿಯ ತೋಳು ಮೇಲೆ ಸರಿಸಿ, ಹೊಳೆಯುವ ಗಡಿಯಾರವೊಂದನ್ನು ತೋರಿಸಿ, ಇದು ದಿಬ್ಬದ ಹೊಲ ಎನ್ನುತ್ತಿದ್ದರು.

ಅಪ್ಪನ ತಮ್ಮನಾದ ಈ ಕಾಕಾಗೆ ಗಡಿಯಾರದ ಹುಚ್ಚು ಹಿಡಿದದ್ದು ತೊಂಬತ್ತರ ದಶಕದ ಮೊದಲಲ್ಲಿ, ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡ ಮರುವರ್ಷ. ಮಕ್ಕಳಿರಲಿಲ್ಲ. ಪಾಲಿಗೆ ಬಂದ ಮೂರು ಎರೆಹೊಲಗಳಿದ್ದವು. ಒಂದೊಂದನ್ನೇ ಮಾರಿ, ಒಂದೊಂದು ಸಲ ಮುಂಬೈಗೆ ಹೋಗಿ, ಒಂದೊಂದು ಸ್ವಿಸ್ ಗಡಿಯಾರ ತಂದರು. ಮನೆಮಂದಿಯೆಲ್ಲ ಹಣೆ ಹಣೆ ಬಡಿದುಕೊಂಡೆವು. ಹೊಲ ಮಾರಿ ಲಾರಿ ಕೊಂಡವರನ್ನು ಕಂಡಿದ್ದೆವು, ಮಗಳ ಮದುವೆ ಮಾಡಿದವರನ್ನು ಕಂಡಿದ್ದೆವು. ಗಡಿಯಾರ? ಕಾಕಾ ಮಾತ್ರ, ಹೊಲ ಎಲ್ಲಿಗೂ ಹೋಗಿಲ್ಲ ಎಂದು ವಾದಿಸಿ, ಮಾರಿದ ಹೊಲಗಳ ಹೆಸರನ್ನೇ ಗಡಿಯಾರಗಳಿಗೆ ಇಟ್ಟರು.

ಕೆರಿ ಹೊಲದ ಮುಖದ ಮೇಲೆ ಪುಟ್ಟ ಚಂದ್ರನಿದ್ದ. ಆಕಾಶದವನ ಜೊತೆಗೇ ತುಂಬುತ್ತಿದ್ದ, ಸವೆಯುತ್ತಿದ್ದ. ಹಳ್ಳದ ಹೊಲಕ್ಕೆ ವಾರ, ತಾರೀಖು, ತಿಂಗಳು, ಯಾವ ವರ್ಷ ಫೆಬ್ರವರಿಗೆ ಒಂದು ದಿನ ಹೆಚ್ಚು ಎಂಬುದೆಲ್ಲ ಗೊತ್ತು. ದಿಬ್ಬದ ಹೊಲದ ಬದಿಯ ಗುಂಡಿ ಒತ್ತಿದರೆ ಒಳಗೆ ಸಣ್ಣ ಸುತ್ತಿಗೆಗಳು ಟಿಣ್ ಟಿಣ್ ಎಂದು ಬಡಿದು, ಗಂಟೆ ಎಷ್ಟು, ನಿಮಿಷ ಎಷ್ಟು ಎಂದು ಹೇಳುತ್ತಿದ್ದವು. ಮೊದಮೊದಲು ಮೂರನ್ನೂ ಕಾಕಾ ತಾವೇ ಕಟ್ಟಿಕೊಳ್ಳುತ್ತಿದ್ದರು. ಇಂಥ ಮನುಷ್ಯರನ್ನು ಟೈಮ್ ಕೇಳಬಹುದೇ? ನಾನು ರಾಮದುರ್ಗದಲ್ಲಿ ನೌಕರಿಗಿದ್ದೆ. ಒಮ್ಮೆ ಅಲ್ಲಿಗೆ ಹೋಗುವ ಬಸ್ಸಿಗೆ ನಿಂತಾಗ ಕೇಳಿ ಕೆಟ್ಟೆ. ಮೊದಲು ಚಂದ್ರ ಎಷ್ಟು ತುಂಬಿದ್ದಾನೆಂದು ಹೇಳಿದರು. ಆಮೇಲೆ ಮುಂದಿನ ಲೀಪ್ ವರ್ಷ ಯಾವುದೆಂದು ಹೇಳಿದರು. ಕೊನೆಗೆ ದಿಬ್ಬದ ಹೊಲವನ್ನು ನನ್ನ ಕಿವಿಗೆ ಹಿಡಿದು, ಎಣಿಸು ಎಂದರು. ಎಣಿಸಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿಯೇಬಿಟ್ಟಿತ್ತು. ಅದು ಹೋದ ನಿಮಿಷವನ್ನು ಮಾತ್ರ ಕಾಕಾ ಕರಾರುವಾಕ್ಕಾಗಿ ಹೇಳಿದರು!

ದಿಬ್ಬದ ಹೊಲಕ್ಕೆ ದಿನಾ ಕೀಲಿ ಕೊಟ್ಟರೆ ಸಾಕಿತ್ತು. ಉಳಿದೆರಡು ಕೈಯ ಅಲುಗಾಟದಿಂದಲೇ ಓಡುವ ಜಾತಿಯವು. ಬಿಚ್ಚಿಟ್ಟರೆ ಎರಡು ದಿನಕ್ಕೆ ನಿಂತುಹೋಗುತ್ತವೆ. ನಿಂತವೆಂದರೆ ಚಂದ್ರ, ತಾರೀಖು ಎಲ್ಲವನ್ನೂ ಮತ್ತೆ ಕೂಡಿಸುವುದು ದೊಡ್ಡ ಫಜೀತಿ. ಅದಕ್ಕೆ ಕಾಕಾ ಅವನ್ನು ಲಾವಣಿಗೆ ಹಾಕಿದರು! ಹೊಲವನ್ನು ಬೇರೆಯವರಿಗೆ ಉಳಲು ಕೊಡುವುದಿಲ್ಲವೇ, ಹಾಗೆ. ಕೆರಿ ಹೊಲ ಎದುರು ಮನೆಯ ಟೇಲರನ ಕೈಗೆ, ಹಳ್ಳದ ಹೊಲ ರಿಟೈರಾದ ಸಾಲಿ ಮಾಸ್ತರರ ಕೈಗೆ. ನೀವೇ ಕಟ್ಟಿಕೊಳ್ಳಬಹುದಿತ್ತಲ್ಲ ಎಂದರೆ, ಹೊಲದ ಧಣಿ ಎಲ್ಲವನ್ನೂ ತಾನೇ ಉಳುತ್ತಾನೇನು ಎಂದು ನಮ್ಮನ್ನೇ ಕೇಳಿದರು. ಕರಾರು ಇಷ್ಟೇ: ದಿನಾ ಬೆಳಿಗ್ಗೆ ಬಂದು ಗಡಿಯಾರ ತೋರಿಸಬೇಕು, ಕಟ್ಟೆಯ ಮೇಲೆ ಕೂತು ಚಹಾ ಕುಡಿಯಬೇಕು. ಲಾವಣಿ ಮಾಡಿದವನಿಗೆ ಧಣಿಯೇ ಚಹಾ ಕಾಸಿಕೊಡುವ ಪದ್ಧತಿ ನಮ್ಮ ಸೀಮೆಯಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ.

ಒಮ್ಮೆ ಟೇಲರ್ ನೇಸರಗಿಗೆ ಮದುವೆಗೆ ಹೋದ. ಅರಿಶಿಣ ಹತ್ತೀತೆಂದು ಗಡಿಯಾರ ಬಿಚ್ಚಿ ಟ್ರಂಕಿನಲ್ಲಿಟ್ಟ, ಅದು ನಿಂತಿತು. ಹೆದರಿದ ಟೇಲರ್ ತಾನೇ ಅದರ ಕಿವಿ ಹಿಂಡಿ ಓಡಿಸಿದ. ಚಂದ್ರನನ್ನು ಎಷ್ಟು ತುಂಬಿಸಬೇಕೆಂದು ತಿಳಿಯದೆ, ಶುಭವಾಗಲಿ ಎಂದು ಪೂರ್ತಿ ತುಂಬಿಸಿದ! ಅದನ್ನು ನೋಡಿದ ಕಾಕಾ ಆಕಾಶವನ್ನೂ ನೋಡಲಿಲ್ಲ, ಪಂಚಾಂಗವನ್ನೂ ನೋಡಲಿಲ್ಲ. ಹುಣ್ಣಿಮೆಯೆಂದು ಯಲ್ಲಮ್ಮನ ಗುಡ್ಡಕ್ಕೆ ಹೊರಟೇಬಿಟ್ಟರು. ಗುಡ್ಡದ ಬುಡದ ಉಗರಗೋಳದಲ್ಲಿ ಇಳಿದರೆ ಜನವೇ ಇಲ್ಲ. ತೆಂಗಿನಕಾಯಿ ಅಂಗಡಿಯವ ತೂಕಡಿಸುತ್ತಿದ್ದ.

"ಹುಣ್ಣಿಮಿ ನಿಮ್ಮ ವಾಚಿನಾಗ ಆಗಿರಬೇಕ್ರಿ," ಎಂದನಂತೆ ಅವನು. "ನಮ್ಮ ಗುಡ್ಡದಾಗ ಇನ್ನೂ ಐದ ದಿನಾ ಐತಿ."

ಟೇಲರನ ಲಾವಣಿ ರದ್ದಾಯಿತೆಂದೇ ನಾವು ತಿಳಿದೆವು. ಕಾಕಾ ಚಂದ್ರನನ್ನು ಸರಿಮಾಡಿ, ಅದೇ ಕೈಗೆ ಕಟ್ಟಿ, ಇನ್ನು ಮುಂದೆ ಸಂಜೆಯೂ ಬಂದು ತೋರಿಸಬೇಕು ಎಂದು ಶಿಕ್ಷೆ ಕೊಟ್ಟರು. ಸಂಜೆಗೂ ಚಹಾ ಇತ್ತೆನ್ನಿ.

ದಿಬ್ಬದ ಹೊಲವನ್ನು ಮಾತ್ರ ಅವರು ಯಾರಿಗೂ ಕೊಡಲಿಲ್ಲ. ಯಾಕೆಂದು ಕೇಳಿದಾಗ ಗುಂಡಿ ಒತ್ತಿ, ಕಣ್ಣು ಮುಚ್ಚಿ, ಕೊನೆಯ ಟಿಣ್ ಮುಗಿಯುವವರೆಗೂ ಕೇಳಿದರು.

"ನಿಮ್ಮ ಕಾಕು ಹ್ವಾದ ಮ್ಯಾಲೆ, ಮನ್ಯಾಗ ಕೇಳಿದ್ದಕ್ಕ ಉತ್ತರಾ ಕೊಡೂದು ಇದೊಂದ ಐತಿ, ತಮ್ಮಾ."

ನಗೆ ಮಾತೆಂದು ನಗಲು ಹೋದೆ, ಆಗಲಿಲ್ಲ.

ಎಷ್ಟೋ ವರ್ಷಗಳ ನಂತರ ಮುಂಬೈಗೆ ಹೋದವನು ಅವರಿಗೊಂದು ಪೆಟ್ಟಿಗೆ ತಂದೆ. ಗಡಿಯಾರ ಒಳಗಿಟ್ಟು ಕರೆಂಟು ಕೊಟ್ಟರೆ ಮೆಲ್ಲಗೆ ತಿರುಗಿಸುತ್ತ, ನಿಲ್ಲದಂತೆ ನೋಡಿಕೊಳ್ಳುತ್ತದೆ. ಇನ್ನು ಯಾರ ಕೈಯನ್ನೂ ಬೇಡಬೇಕಿಲ್ಲ ಎಂದು ಜಂಬದಿಂದ ವಿವರಿಸಿದೆ. ಕಾಕಾ ಪೆಟ್ಟಿಗೆಯನ್ನು ಸುತ್ತಲೂ ಸವರಿ ನೋಡಿ ಹೊಗಳಿದರು. ನಾನೇ ಟೇಲರನನ್ನೂ ಮಾಸ್ತರರನ್ನೂ ಕರೆದು, ಗಡಿಯಾರ ಬಿಚ್ಚಿಸಿ ಒಳಗಿಟ್ಟೆ. ಟೇಲರ್ ಬರಿದಾದ ಮುಂಗೈ ತಿಕ್ಕಿಕೊಳ್ಳುತ್ತ, "ಹಂಗಾರ ನಾಳಿಂದ ಬರೂದು ಬ್ಯಾಡೇನ್ರಿ?" ಎಂದು ಕೇಳಿದ. ಕಾಕಾ ಪೆಟ್ಟಿಗೆಯ ಮುಚ್ಚಳ ಒರೆಸತೊಡಗಿದರು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆಯ ವಾಯರು ಕಿತ್ತು ಸುತ್ತಿಟ್ಟಿತ್ತು. ಕಟ್ಟೆಯ ಮೇಲೆ ಕಪ್ಪುಗಳಲ್ಲಿ ಚಹಾ ಆರಿ ಕೆನೆಗಟ್ಟಿತ್ತು. ಯಾರೂ ಬಂದಿರಲಿಲ್ಲ. ಪಕ್ಕದಲ್ಲಿ ಕಾಕಾ ಒಬ್ಬರೇ ಕೂತಿದ್ದರು.

"ಪೆಟ್ಟಿಗಿ ಭಾಳ ಛಲೋ ಐತಿ, ತಮ್ಮಾ," ಎಂದರು. "ಆದ್ರ ಅದು ಚಾ ಕುಡಿಯೂದಿಲ್ಲ."

ಮೂರು ಹೊಲ ಮಾರಿದ ಈ ಮನುಷ್ಯ ಇಷ್ಟು ವರ್ಷ ನಡೆಸಿದ್ದು ಮನೆಗೆ ಯಾರಾದರೂ ಬರಲಿ ಎಂಬ ಒಂದೇ ಬೇಸಾಯ! ನಾವು ಊರೆಲ್ಲ ಹೇಳಿಕೊಂಡು ನಕ್ಕಿದ್ದೆವು. ಓಡಿಹೋಗಿ ಟೇಲರನಿಗೂ ಮಾಸ್ತರರಿಗೂ ಅವರವರ ಹೊಲ ತಿರುಗಿ ಕಟ್ಟಿ ಬಂದೆ.

ಬಸ್ಸಿಗೆಂದು ಚೀಲ ಎತ್ತಿಕೊಂಡಾಗ ಕಾಕಾ ನನ್ನ ಕೈ ಹಿಡಿದು, ದಿಬ್ಬದ ಹೊಲ ಬಿಚ್ಚಿ ಕಟ್ಟತೊಡಗಿದರು. ಅದಕ್ಕೆ ಕೀಲಿ ಸಾಕಲ್ಲ, ಕೈ ಯಾಕೆ ಎಂದೆ. ಅದೂ ಇಲ್ಲದಿದ್ದರೆ ಆ ಮನೆಯಲ್ಲಿ ಉತ್ತರ ಕೊಡುವವರು ಯಾರು ಎಂದು ಬಾಯಿಬಿಟ್ಟು ಕೇಳಲಾಗಲಿಲ್ಲ.

"ನಿಂತರ ತಗೊಂಡ ಬಾ, ಕೀಲಿ ಕೊಡತೇನಿ," ಎಂದರು ಕಾಕಾ. ಪಟ್ಟಿಯ ಕೊಂಡಿ ಹಾಕಿ ಮುಗಿದರೂ ಕೈ ಬಿಡಲಿಲ್ಲ. "ನಿಲ್ಲದಿದ್ರೂ ಬಾ."

ಚೀಲ ಕೆಳಗಿಟ್ಟು ಕಟ್ಟೆಯ ಮೇಲೆ ಕೂತೆ. ಆರಿದ ಚಹಾ ಕುಡಿದು ಗುಂಡಿ ಒತ್ತಿದೆ. ಇಬ್ಬರೂ ತಲೆ ಕೂಡಿಸಿ ಟಿಣ್ ಟಿಣ್ ಎಣಿಸಿದೆವು. ರಾಮದುರ್ಗದ ಬಸ್ಸು ಹೋಯಿತು. ಅದು ಹೋದ ನಿಮಿಷವನ್ನು ಈ ಸಲ ನಾನೇ ಹೇಳಿದೆ.