ಕೋರ್ಟಿನಲ್ಲಿ ‘ತಪ್ಪಾಯ್ತು’ ಅನ್ನಬಾರದು

ಕೋರ್ಟಿನಲ್ಲಿ ದುಭಾಷಿ ನಗುವ ಹಾಗಿಲ್ಲ. ಅದಕ್ಕೇ ಇರಬೇಕು, ನಗು ತರಿಸುವಂಥದ್ದೆಲ್ಲ ನನ್ನೆದುರಿಗೇ ನಡೆಯುತ್ತದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಸ್ವೀಡಿಷ್ ಕಲಿತದ್ದು ಇಲ್ಲಿಗೆ, ಸ್ವೀಡನ್ನಿಗೆ, ಬಂದಮೇಲೆ ಲುಂಡ್ ಊರಿನ ಲೈಬ್ರರಿಯಲ್ಲಿ, ಕಾನೂನು ಓದಿಕೊಂಡದ್ದೂ ಅಲ್ಲೇ. ‘ನಿಮ್ಮ ಕೈಲಾಗಲ್ಲ’ ಅಂದವರಿಗೆ ಈಗ ನಾನೇ ಅನುವಾದ ಮಾಡುತ್ತೇನೆ.

ಈ ಸಲದ ಆರೋಪಿ ಬೆಂಗಳೂರಿನ ಇಂಜಿನಿಯರ್. ಸ್ಟೇಷನ್ ಮುಂದೆ ಬೀಗ ಹಾಕದೆ ನಿಲ್ಲಿಸಿದ್ದ ಬೇರೆಯವರ ನೀಲಿ ಸೈಕಲ್ ಹತ್ತಿ ಹೋಗಿದ್ದ. ತನ್ನದೂ ಅಂಥದ್ದೇ, ಗುರುತು ತಪ್ಪಿತು ಅನ್ನುತ್ತಾನೆ. ಶಿಕ್ಷೆಯಾದರೆ ವರ್ಕ್ ಪರ್ಮಿಟ್ ಹೋದೀತೆಂದು ಅವನಿಗೆ ಊಟ ಸೇರುತ್ತಿರಲಿಲ್ಲ.

೧. ದಿನದಂಡ

ಹೊರಗಿನ ಬೆಂಚಿನಲ್ಲಿ ಅವನ ವಕೀಲರು ಬಿಡಿಸಿ ಹೇಳಿದರು: ಕಳ್ಳತನವಾದರೆ ಎರಡು ವರ್ಷದವರೆಗೆ ಜೈಲು. ಸಣ್ಣ ಕಳ್ಳತನವಾದರೆ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು. ಬೇಕಂತಲೇ ಒಯ್ದನೆಂದು ಸರ್ಕಾರಿ ವಕೀಲರು ಸಾಬೀತು ಮಾಡದಿದ್ದರೆ ಏನೂ ಇಲ್ಲ.

ಇವನು ದರ್ಶಿನಿಯ ಬೋರ್ಡು ಓದಿದವನ ಹಾಗೆ, “ಅಕ್ಕಾ, ಕೊನೇದು ಹೇಳಿಬಿಡಿ” ಅಂದ.

ಇಲ್ಲಿ ದಂಡದ ಹೆಸರನ್ನು ಪದಕ್ಕೆ ಪದ ಹೇಳಿದರೆ ‘ದಿನದಂಡ’. ದಿನಕ್ಕಿಷ್ಟು ಅಂತ ಸಂಬಳ ನೋಡಿ ಗೊತ್ತುಮಾಡುತ್ತಾರೆ, ಕಟ್ಟುವುದು ಮಾತ್ರ ಒಟ್ಟಿಗೇ. ಆ ಹೆಸರು ಕೇಳಿದ್ದೇ ಇವನ ಮುಖ ಬಾಡಿತು.

“ದಿನಾ ಬಂದು ಕಟ್ಬೇಕಾ? ಬೆಳಿಗ್ಗೆ ಮೀಟಿಂಗ್ ಇರತ್ತೆ ಅಕ್ಕಾ!”

೨. ಜಡ್ಜ್ ಎಲ್ಲಿ?

ಇಲ್ಲಿಯ ನ್ಯಾಯಾಧೀಶರಿಗೆ ಕರಿ ಗೌನೂ ಇಲ್ಲ, ಸುತ್ತಿಗೆಯೂ ಇಲ್ಲ. ಬೂದು ಸ್ವೆಟರ್ ಹಾಕಿದ ಹೆಂಗಸೊಬ್ಬರು ನಡುವೆ ಕೂತಿದ್ದರು. ಅವರೇ ಎಲ್ಲರಿಗೂ ಕೂರಲು ಹೇಳಿದರು, ನೀರು ಬೇಕೇ ಎಂದು ಇವನನ್ನು ವಿಚಾರಿಸಿದರು.

“ಅಕ್ಕಾ, ಜಡ್ಜ್ ಯಾವಾಗ ಬರ್ತಾರೆ?” ಅಂತ ಇವನು ಪಿಸುಗುಟ್ಟಿದ.

ಆರೋಪಿ ಆಡಿದ್ದೆಲ್ಲ ಅನುವಾದಿಸುವುದು ನನ್ನ ಕೆಲಸ. ಅನುವಾದಿಸಿದೆ.

“ಬಂದು ಆಗಲೇ ಹೊತ್ತಾಯಿತು,” ಅಂದರು ಬೂದು ಸ್ವೆಟರಿನವರು.

೩. ತಪ್ಪಾಯ್ತು

ಇವನು ಧಡಕ್ಕನೆ ಎದ್ದು ಕೈಮುಗಿದ. “ಅಯ್ಯೋ, ತಪ್ಪಾಯ್ತು ಮೇಡಂ, ನಂದೇ ತಪ್ಪು!”

ಅದನ್ನೂ ಅನುವಾದಿಸಿದೆ. ಸರ್ಕಾರಿ ವಕೀಲರು ಪೆನ್ನು ತೆಗೆದರು. ಇವನ ವಕೀಲರು ಕಣ್ಣು ಮುಚ್ಚಿಕೊಂಡರು.

ನಾನು ಕೈಯೆತ್ತಿದೆ. “ದುಭಾಷಿಯದೊಂದು ವಿವರಣೆ. ನಮ್ಮಲ್ಲಿ ಯಾರಿಗಾದರೂ ಕಾಲು ತಗುಲಿದರೂ ಹೀಗೇ ಅನ್ನುತ್ತೇವೆ. ಇದು ತಪ್ಪೊಪ್ಪಿಗೆಯಲ್ಲ, ಮರ್ಯಾದೆ.”

ಬೇರೆಯವರಾಗಿದ್ದರೆ ನನ್ನನ್ನು ಗದರಿ ಕೂರಿಸುತ್ತಿದ್ದರು. ಈಯಮ್ಮ ಪೂರ್ತಿ ಕೇಳಿಸಿಕೊಂಡರು. ಆ ತಾಳ್ಮೆಗೆ ಮನಸ್ಸಿನಲ್ಲೇ ಕೈಮುಗಿದೆ. ಆಮೇಲೆ ಅವರು ಇವನನ್ನೇ ಕೇಳಿದರು:

“ಸೈಕಲ್ ವಿಷಯದಲ್ಲಿ?”

“ಅದ್ರಲ್ಲಿ ನಾನು ಬೇಕಂತ ಏನೂ ಮಾಡಿಲ್ಲ ಮೇಡಂ!”

“ಹಾಗಾದರೆ ಬರೆದುಕೊಳ್ಳಿ. ತಪ್ಪಾಗಿರುವುದು ನನ್ನ ಸ್ವೆಟರ್ ವಿಷಯದಲ್ಲಿ ಮಾತ್ರ.”

ಪೆನ್ನು ಒಳಗೆ ಹೋಯಿತು.

೪. ನಿಂಬೆಹಣ್ಣು

ತನ್ನ ಸೈಕಲ್ಲೂ ಅಂಥದ್ದೇ ಎಂಬುದಕ್ಕೆ ಇವನು ಮೊಬೈಲಿನಲ್ಲಿ ಆಯುಧಪೂಜೆಯ ಫೋಟೋ ತೋರಿಸಿದ. ನೀಲಿ ಸೈಕಲ್, ಸೇವಂತಿಗೆ ಹಾರ, ಹ್ಯಾಂಡಲ್ಲಿಗೆ ಅರಿಶಿನ ಕುಂಕುಮ, ಚಕ್ರದಡಿ ನಿಂಬೆಹಣ್ಣು. ಸೈಕಲ್ ಕಳೆದುಕೊಂಡಿದ್ದ ಅಜ್ಜಿ ಕನ್ನಡಕ ಏರಿಸಿ ನೋಡಿದರು. “ನನ್ನದೇ! ಆದರೆ ನಾನು ಯಾವತ್ತೂ ಇಷ್ಟು ಚೆನ್ನಾಗಿ ನೋಡಿಕೊಂಡಿಲ್ಲ,” ಅಂದರು.

ನ್ಯಾಯಾಧೀಶರು ಒಳಗೆ ಹೋಗಿ ಬಂದು ತೀರ್ಪು ಓದಿದರು: ಒಡತಿಗೇ ಗುರುತು ತಪ್ಪುವಷ್ಟು ಒಂದೇ ಥರದ ಸೈಕಲ್, ಆದ್ದರಿಂದ ಬಿಡುಗಡೆ. ಇವನು ಅತ್ತೇಬಿಟ್ಟ. ಅವರು ಕಾಗದ ಬದಿಗಿಟ್ಟರು.

“ತೀರ್ಪಿಗೆ ಸಂಬಂಧವಿಲ್ಲದ ಪ್ರಶ್ನೆ. ಆ ನಿಂಬೆಹಣ್ಣು ಯಾಕೆ?”

“ಆ ಗಾಡಿ ಹತ್ತಿದವ್ರಿಗೆ ಯಾವ ತೊಂದರೇನೂ ಬರ್ದೇ ಇರ್ಲಿ ಅಂತ ಮೇಡಂ.”

“ಹಾಗಾದರೆ ನಿಂಬೆಹಣ್ಣಿನದೇನೂ ತಪ್ಪಿಲ್ಲ. ನೀವು ಹತ್ತಿದ್ದು ಬೇರೆ ಸೈಕಲ್.”

ಇಷ್ಟು ವರ್ಷ ತಡೆದಿಟ್ಟುಕೊಂಡಿದ್ದ ನಗು ಒಟ್ಟಿಗೇ ಹೊರಗೆ ಬಂತು. ಅನುವಾದಿಸುವುದನ್ನೂ ಮರೆತು ನಕ್ಕೆ. ನಕ್ಕು, ಗಾಬರಿಯಾಗಿ, ಎದ್ದು ನಿಂತು ಕೈಮುಗಿದು, ಕನ್ನಡದಲ್ಲೇ ಅಂದೆ: “ತಪ್ಪಾಯ್ತು ಮೇಡಂ!”

ಸರ್ಕಾರಿ ವಕೀಲರು ಮತ್ತೆ ಪೆನ್ನು ತೆಗೆದರು.